ಈ ಕೋಡ್‌ಗೆ ಸಿಸ್ಟಮ್ ಲೈಬ್ರರಿಯಲ್ಲಿ ಜಾಗ ಕೊಡಬೇಕೇ?

ಯಂತ್ರದ ಎಲ್ಲ ಪ್ರೋಗ್ರಾಂಗಳೂ ಬಳಸಬಹುದಾದ ಕೋಡ್ ಇರುವ ಹಂಚಿಕೆಯ ಸಿಸ್ಟಮ್ ಲೈಬ್ರರಿಗೆ ಒಂದು ಫಂಕ್ಷನ್ ಸೇರಿಸುವುದು ಸುಲಭ, ಕಷ್ಟವಿರುವುದು ತೆಗೆಯುವುದರಲ್ಲಿ. ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿದ್ದ ಸನ್ ಆರ್‌ಪಿಸಿ (ಬೇರೆ ಯಂತ್ರದಲ್ಲಿರುವ ಫಂಕ್ಷನ್ ಕರೆಯುವ) ಕೋಡನ್ನು 2020ರಲ್ಲಿ 2.32ನೇ ಆವೃತ್ತಿಯಿಂದ ಕೈಬಿಟ್ಟರು. ಅದು ಬೇಕಾದವರು ಲಿಬ್‌ಟಿಐಆರ್‌ಪಿಸಿ ಎಂಬ ಬೇರೆ ಲೈಬ್ರರಿಗೆ ಹೋಗಬೇಕಾಯಿತು. ಆದರೂ ಹಿಂದೆಯೇ ಕಂಪೈಲ್ ಆದ ಪ್ರೋಗ್ರಾಂಗಳು (ಬೈನರಿಗಳು) ನಿಲ್ಲಬಾರದೆಂದು ಹಳೆಯ ಆರ್ಕಿಟೆಕ್ಚರ್‌ಗಳಲ್ಲಿ ಆ ಸಿಂಬಲ್‌ಗಳನ್ನು, ಅಂದರೆ ಆ ಫಂಕ್ಷನ್ ಹೆಸರುಗಳನ್ನು, ಉಳಿಸಿಕೊಂಡರು. ನಿಮ್ಮ ಕೋಡ್‌ಗೂ ಅಷ್ಟು ಕಾಲ ಅನ್ನ ಹಾಕಲು ಸಿದ್ಧರಿದ್ದೀರಾ?

ಮೊದಲು ನೋಡಬೇಕಾದದ್ದು, ಈ ಕೆಲಸದಲ್ಲಿ ಎಲ್ಲ ಪ್ರೋಗ್ರಾಂಗಳೂ ಒಂದೇ ಉತ್ತರ ಪಡೆಯಲೇಬೇಕೇ ಎಂಬುದು. ಹೋಸ್ಟ್ ಹೆಸರಿನಿಂದ ವಿಳಾಸ ಹುಡುಕುವುದು, ಬಳಕೆದಾರರ ಪಟ್ಟಿ ಓದುವುದು, ಟೈಮ್‌ಜೋನ್ ಲೆಕ್ಕ ಇಂಥವು: ಒಂದೊಂದು ಪ್ರೋಗ್ರಾಂ ಒಂದೊಂದು ರೀತಿ ಮಾಡಿದರೆ ಇಡೀ ಯಂತ್ರ ಗೊಂದಲಕ್ಕೆ ಬೀಳುತ್ತದೆ. ಒಂದು ಸೆನ್ಸರ್‌ನ ಫೈಲ್ ಫಾರ್ಮ್ಯಾಟ್ ಓದುವ ಕೋಡ್ ಹಾಗಲ್ಲ. ಅದು ಎಷ್ಟೇ ಚೆನ್ನಾಗಿದ್ದರೂ ಹೊರಗೇ ಇರಲಿ.

ಆಮೇಲೆ ಬಳಸುವವರನ್ನು ಎಣಿಸಿ. ಒಂದೇ ತಂಡದ ಐದು ಪ್ರೋಗ್ರಾಂಗಳನ್ನು ಒಂದೇ ಎಂದು ಲೆಕ್ಕ ಹಾಕಿ. ಪರಸ್ಪರ ಸಂಬಂಧವಿಲ್ಲದ ಮೂರು ಪ್ರೋಗ್ರಾಂಗಳಾದರೂ ಈಗಲೇ ಅದೇ ಕೋಡನ್ನು ನಕಲು ಮಾಡಿಟ್ಟುಕೊಂಡಿರಬೇಕು. ‘ಮುಂದೆ ಯಾರಿಗಾದರೂ ಬೇಕಾಗಬಹುದು’ ಎಂಬುದು ಲೆಕ್ಕಕ್ಕಿಲ್ಲ.

ಅವಲಂಬನೆಗಳ ವಿಷಯದಲ್ಲಿ ಕೈ ಬಿಗಿಯಾಗಿರಲಿ. ಹೊಸ ಕೋಡ್ ಸೇರಿಸುವ ಮೊದಲೊಮ್ಮೆ, ಸೇರಿಸಿದ ಮೇಲೊಮ್ಮೆ ‘ರೀಡ್‌ಎಲ್ಫ್ -ಡಿ’ ಓಡಿಸಿ, ಬೇಕಾದ ಇತರ ಲೈಬ್ರರಿಗಳನ್ನು ಹೆಸರಿಸುವ ನೀಡೆಡ್ ಸಾಲುಗಳನ್ನು ಹೋಲಿಸಿ. ಒಂದು ಸಾಲು ಹೆಚ್ಚಾದರೂ ನಿಮ್ಮ ಲೈಬ್ರರಿಯನ್ನು ಲೋಡ್ ಮಾಡುವ ಪ್ರತಿ ಪ್ರೋಗ್ರಾಂಗೂ ಆ ಹೊರೆ ಬೀಳುತ್ತದೆ. 2024ರಲ್ಲಿ ಎಕ್ಸ್‌ಝೆಡ್ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶದಲ್ಲಿ ಸಿಕ್ಕ ಹಿಂಬಾಗಿಲಿನ (ಗುಟ್ಟಾಗಿ ಸೇರಿಸಿದ ದುಷ್ಟ ಕೋಡಿನ) ದಾರಿಯೂ ಇದೇ. ಕೆಲವು ಡಿಸ್ಟ್ರೋಗಳು ‘ಸರ್ವರ್ ಸಿದ್ಧ’ ಎಂದು ತಿಳಿಸುವುದಕ್ಕಾಗಿ ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರನ್ನು ಲಿಬ್‌ಸಿಸ್ಟಮ್‌ಡಿ ಲೈಬ್ರರಿಗೆ ಜೋಡಿಸಿದ್ದವು. ಅದರ ಬಾಲ ಹಿಡಿದು ಎಕ್ಸ್‌ಝೆಡ್‌ನ ಲೈಬ್ರರಿಯಾದ ಲಿಬ್‌ಎಲ್‌ಝೆಡ್‌ಎಂಎ ಒಳಬಂದಿತ್ತು. ಆ ಸಂದೇಶವೋ, ಒಂದು ಯುನಿಕ್ಸ್ ಸಾಕೆಟ್‌ಗೆ ಬರೆಯುವ ಪುಟ್ಟ ಸಾಲು! ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಅದನ್ನು ಲೈಬ್ರರಿಯ ಹಂಗಿಲ್ಲದೆ ನೇರವಾಗಿಯೇ ಬರೆದರು. ಕೆಲವು ಸಾಲಿನ ಕೋಡಾದರೆ ನಕಲು ಮಾಡಿಕೊಳ್ಳುವುದರಲ್ಲಿ ನಾಚಿಕೆಪಡಬೇಕಿಲ್ಲ.

ಹೆಚ್ಚು ಜನ ಎಡವುವುದು ಇಂಟರ್‌ಫೇಸ್‌ನಲ್ಲಿ. ಹೆಡರ್‌ನಲ್ಲಿ 24 ಬೈಟ್‌ನ ಸ್ಟ್ರಕ್ಟ್ (ಹಲವು ಫೀಲ್ಡ್‌ಗಳ ಗುಂಪು) ತೋರಿಸಿದ್ದೀರಿ ಎನ್ನೋಣ. ಮುಂದಿನ ಆವೃತ್ತಿಯಲ್ಲಿ ಕೊನೆಗೊಂದು ಫೀಲ್ಡ್ ಸೇರಿ ಅದು 32 ಆಯಿತು. ಹಳೆಯ ಪ್ರೋಗ್ರಾಂ ತನ್ನ ಸ್ಟ್ಯಾಕ್‌ನಲ್ಲಿ 24 ಬೈಟ್ ಮಾತ್ರ ಕಾದಿರಿಸಿದೆ, ಹೊಸ ಲೈಬ್ರರಿ 32 ಬರೆಯುತ್ತದೆ. ಪಕ್ಕದ ವೇರಿಯಬಲ್ ಕೆಟ್ಟು, ದೋಷ ಬೇರೆಲ್ಲೋ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಸ್ಟ್ರಕ್ಟ್‌ನ ಒಳಗನ್ನು ಮುಚ್ಚಿಡಿ. ಪಾಯಿಂಟರ್ ಮಾತ್ರ ಕೊಟ್ಟು, ಸೃಷ್ಟಿಸಲು ಒಂದು, ಬಿಡುಗಡೆಗೆ ಒಂದು ಫಂಕ್ಷನ್ ಇಡಿ. ಕರೆಗಳ ನಡುವೆ ಹಂಚಿಕೊಂಡ ಸ್ಟ್ಯಾಟಿಕ್ ಬಫರ್ ಬೇಡ, ಥ್ರೆಡ್‌ಗಳು ಒಂದರ ಉತ್ತರದ ಮೇಲೆ ಇನ್ನೊಂದು ಬರೆಯುತ್ತವೆ. ತಪ್ಪಾದರೆ ಎರರ್ ಕೋಡ್ ಹಿಂತಿರುಗಿಸಿ. ಪ್ರೋಗ್ರಾಂ ಕೊನೆಗೊಳಿಸುವ ಅಧಿಕಾರ ಲೈಬ್ರರಿಯದಲ್ಲ.

ಹೆಸರೂ ಕಾಟ ಕೊಡುತ್ತದೆ. ಪಠ್ಯ ನಕಲು ಮಾಡುವ ಸ್ಟ್ರ್‌ಎಲ್‌ಸಿಪಿವೈ ಫಂಕ್ಷನ್ 1998ರಲ್ಲಿ ಓಪನ್‌ಬಿಎಸ್‌ಡಿಯಲ್ಲಿ ಬಂತು, ಜಿಲಿಬ್‌ಸಿಗೆ ಬಂದದ್ದು 2023ರ 2.38ರಲ್ಲಿ. ಅಷ್ಟರಲ್ಲಿ ಎಷ್ಟೋ ಪ್ರೋಗ್ರಾಂಗಳಲ್ಲಿ ಅದೇ ಹೆಸರಿನ ಸ್ವಂತ ಫಂಕ್ಷನ್ ಇತ್ತು. ಅದನ್ನು ಸ್ಟ್ಯಾಟಿಕ್ (ಆ ಫೈಲ್‌ಗಷ್ಟೇ ಸೀಮಿತ) ಎಂದು ಬರೆದಿದ್ದರೆ ಹೆಡರ್‌ನಲ್ಲಿ ಅದೇ ಹೆಸರು ಕಂಡ ಕೂಡಲೇ ಕಂಪೈಲರ್ ನಿಲ್ಲುತ್ತದೆ. ಹೊಸ ಹೆಸರುಗಳಿಗೆ ಮುಂದೆ ನಿಮ್ಮದೇ ಪೂರ್ವಪ್ರತ್ಯಯ (ಪ್ರಿಫಿಕ್ಸ್) ಇರಲಿ.

ಇನ್ನೂ ಅನುಮಾನವಿದ್ದರೆ ಬೇರೆ ಲೈಬ್ರರಿಯಾಗಿ, ಅದರದೇ ಸೋನೇಮ್‌ನೊಂದಿಗೆ (ಲೋಡ್ ಮಾಡುವಾಗ ಲೈಬ್ರರಿಯನ್ನು ಗುರುತಿಸುವ ಹೆಸರಿನೊಂದಿಗೆ) ಬಿಡುಗಡೆ ಮಾಡಿ. ಇಂಟರ್‌ಫೇಸ್ ಎರಡು ಮೂರು ಬಿಡುಗಡೆಗಳಲ್ಲಿ ಬದಲಾಗದೆ ನಿಂತರೆ ಆಗ ನೋಡಿದರಾಯಿತು. ಒಳಗೆ ತರುವುದೆಂದು ತೀರ್ಮಾನವಾದರೆ ಲಿಂಕರ್‌ನ ವರ್ಷನ್ ಸ್ಕ್ರಿಪ್ಟ್‌ನಲ್ಲಿ ಹೊರಗೆ ಕಾಣಬೇಕಾದ ಹೆಸರುಗಳನ್ನಷ್ಟೇ ಬರೆದು ಉಳಿದೆಲ್ಲವನ್ನೂ ಲೋಕಲ್ ಮಾಡಿ. ಪ್ರತಿ ಬಿಡುಗಡೆಗೆ ಮುನ್ನ ಹಳೆಯ, ಹೊಸ ಫೈಲ್‌ಗಳ ಮೇಲೆ ಎರಡರ ಇಂಟರ್‌ಫೇಸ್ ಹೋಲಿಸುವ ‘ಎಬಿಐಡಿಫ್’ ಓಡಿಸಿ. ಫಂಕ್ಷನ್ ತೆಗೆಯಲಾಗಿದೆ ಎಂದು ಅದು ಹೇಳಿದರೆ ಬಿಡುಗಡೆ ಅಲ್ಲಿಗೇ ನಿಲ್ಲಲಿ.