ದೀಕ್ಷಾಸ್ನಾನ ಆದ ಮೇಲೂ ಮನೆಯವರು ಚರ್ಚಿಗೆ ಬರುವಂತೆ ಮಾಡಿದ್ದು: ನನ್ನ ಅನುಭವ

ನಾನು ಇಂಗ್ಲೆಂಡಿನ ಮಿಡ್ಲ್ಯಾಂಡ್ಸ್ ಕಡೆ ನರ್ಸ್. ನಾವಿರುವ ಊರಿನ ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡ್) ಚರ್ಚಿನಲ್ಲಿ ವರ್ಷಕ್ಕೆ ಹದಿನೈದು, ಇಪ್ಪತ್ತು ಮಕ್ಕಳಿಗೆ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಆಗುತ್ತದೆ. ಆ ದಿನ ಅರವತ್ತು ಎಪ್ಪತ್ತು ಜನ ನೆಂಟರು ಬರುತ್ತಾರೆ. ಹೊಸ ಹ್ಯಾಟು, ಎತ್ತರದ ಹಿಮ್ಮಡಿಯ ಚಪ್ಪಲಿ, ಲೆಕ್ಕವಿಲ್ಲದಷ್ಟು ಫೋಟೋ. ಮುಂದಿನ ಭಾನುವಾರ ನೋಡಿದರೆ ಅದೇ ಮೂವತ್ತು ತಲೆಗಳು, ಅದರಲ್ಲಿ ಇಪ್ಪತ್ತೈದು ಬೆಳ್ಳಗಾದ ತಲೆಗಳು. ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳ ಕಮಿಟಿಯಲ್ಲಿ ಕೂತವರಿಗೂ ಈ ಸಂಕಟ ಹೊಸದೇನಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ದೀಕ್ಷಾಸ್ನಾನದ ಮನೆಯವರನ್ನು ನೋಡಿಕೊಳ್ಳುವ ಕೆಲಸ ನನ್ನ ಕೈಗೆ ಬಂದದ್ದು ಕೋವಿಡ್ ಆದಮೇಲೆ. 2020ರ ಮಾರ್ಚಿನಲ್ಲಿ ಚರ್ಚುಗಳು ಮುಚ್ಚಿದ್ದವಲ್ಲ, ತೆರೆದಾಗ ದೀಕ್ಷಾಸ್ನಾನಕ್ಕೆ ಕಾದಿದ್ದವರ ಪಟ್ಟಿ ಎರಡು ಪುಟ ಆಗಿತ್ತು. ವಿಕರ್, ಅಂದರೆ ನಮ್ಮ ಪಾದ್ರಿ, ಒಬ್ಬರೇ. "ನೀನು ಮಕ್ಕಳ ವಾರ್ಡಿನವಳು, ನೋಡಿಕೋ" ಅಂದರು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ತರಗತಿ ಇಟ್ಟೆ. ಮೂರು ಸಂಜೆ, ಪ್ರೊಜೆಕ್ಟರ್, ಬಿಸ್ಕತ್ತು. ಮೊದಲ ಸಂಜೆ ಎಂಟು ಜೋಡಿ ಬಂದರು, ಮೂರನೇ ಸಂಜೆ ಒಂದು ಜೋಡಿ. ಆಮೇಲೆ ಒಳ್ಳೆಯ ಕಾಗದದ ಮೇಲೆ ಐನೂರು ಕರಪತ್ರ ಹಾಕಿಸಿದೆ. ಸುಮಾರು 180 ಪೌಂಡ್ ಹೋಯಿತು. ಅದರಲ್ಲಿ ನಾನೂರಷ್ಟು ಈಗಲೂ ವೆಸ್ಟ್ರಿಯ (ಚರ್ಚಿನಲ್ಲಿ ಪಾದ್ರಿಯ ಕೋಣೆ) ಬೀರುವಿನಲ್ಲಿವೆ. ಮೊನ್ನೆ ಕಾಲು ಕುಂಟುವ ಮೇಜಿನ ಕೆಳಗೆ ಕೆಲವನ್ನು ಮಡಚಿ ಇಟ್ಟೆ. ವಾಟ್ಸಾಪ್ ಗುಂಪನ್ನೂ ಮಾಡಿದೆ. ಒಂದು ತಿಂಗಳಲ್ಲಿ ಅದು ಹಳೇ ಪ್ರಾಮ್ (ಕೂಸಿನ ತಳ್ಳುಗಾಡಿ) ಮಾರುವವರ ಸಂತೆಯಾಯಿತು.

ಇಲ್ಲಿಯ ನಿಯಮ ಹೀಗಿದೆ. ಪ್ಯಾರಿಷ್‌ನಲ್ಲಿ, ಅಂದರೆ ಚರ್ಚಿನ ಸರಹದ್ದಿನಲ್ಲಿ, ವಾಸವಿರುವವರು ಮಗುವನ್ನು ತಂದರೆ ಇಲ್ಲ ಅನ್ನುವ ಹಾಗಿಲ್ಲ. ತಂದೆತಾಯಿಗೆ, ಗಾಡ್‌ಪೇರೆಂಟ್ಸ್‌ಗೆ (ಮಗುವಿನ ಪರವಾಗಿ ಮಾತು ಕೊಡುವ ಧರ್ಮ ತಂದೆತಾಯಿ) ಕಲಿಸುವುದಕ್ಕೆ ಬೇಕಾದಷ್ಟು ದಿನ ತೆಗೆದುಕೊಳ್ಳಬಹುದು, ಅಷ್ಟೇ. ದುಡ್ಡನ್ನೂ ಕೇಳುವಂತಿಲ್ಲ. 1872ರಲ್ಲೇ ಕಾನೂನು ಮಾಡಿ ದೀಕ್ಷಾಸ್ನಾನಕ್ಕೆ ಶುಲ್ಕ ತೆಗೆಯುವುದನ್ನು ನಿಲ್ಲಿಸಿದ್ದಾರೆ. ಆದರೆ ಚಳಿಗಾಲದಲ್ಲಿ ಒಂದು ಭಾನುವಾರ ಬಾಯ್ಲರ್ ಹಚ್ಚಿದರೆ ಅರವತ್ತು ಪೌಂಡಿನ ಆಸುಪಾಸು ಉರಿದುಹೋಗುತ್ತದೆ. ಕಾಣಿಕೆ ತಟ್ಟೆಗೆ ಬೀಳುವುದು ಇಪ್ಪತ್ತು. ಕಮಿಟಿಯ ಖಜಾಂಚಿ ಈ ಲೆಕ್ಕವನ್ನು ಪ್ರತಿ ಮೀಟಿಂಗಿನಲ್ಲೂ ಓದುತ್ತಿದ್ದರು, ನನ್ನ ಮುಖ ನೋಡಿಕೊಂಡೇ.

ದಾರಿ ಸಿಕ್ಕಿದ್ದು ನೀರಿನಿಂದ. ನಮ್ಮ ಚರ್ಚಿನ ದೀಕ್ಷಾಸ್ನಾನದ ತೊಟ್ಟಿ ಕಲ್ಲಿನದು, ಎಂಟು ಮೂಲೆಯದು. ಜನವರಿಯಲ್ಲಿ ಅದರೊಳಗೆ ಥರ್ಮಾಮೀಟರ್ ಬಿಟ್ಟು ನೋಡಿದೆ, 9 ಡಿಗ್ರಿ. ಆ ನೀರು ನೆತ್ತಿಗೆ ಬಿದ್ದರೆ ಯಾವ ಮಗು ಸುಮ್ನಿರುತ್ತದೆ? ನಮ್ಮಜ್ಜಿ ಬಾಣಂತಿ ಕೋಣೆಯಲ್ಲಿ ಕಾಲು ಚಾಚಿ, ಕೂಸನ್ನು ಮಲಗಿಸಿಕೊಂಡು ನೀರು ಎರೆಯುವಾಗ ಮೊದಲು ಮೊಣಕೈ ಅದ್ದಿ ನೋಡುತ್ತಿದ್ದರು. ಅದನ್ನೇ ಇಲ್ಲಿ ಮಾಡೋಣ ಅಂತ ಹೊರಟೆ.

ಮೊದಲ ಸಲ ಕೆಟಲ್ ನೀರನ್ನು ಆರಾಧನೆಗೆ ಮುಂಚೆಯೇ ತೊಟ್ಟಿಗೆ ಸುರಿದಿಟ್ಟೆ. ಪ್ರಸಂಗ ಮುಗಿಯುವಷ್ಟರಲ್ಲಿ ಕಲ್ಲು ಬಿಸಿಯನ್ನೆಲ್ಲ ಕುಡಿದುಬಿಟ್ಟಿತ್ತು. ಎರಡನೇ ಸಲ ಜಾಸ್ತಿ ಬಿಸಿ ಸುರಿದೆ. ವಿಕರ್ ಬೆರಳು ಅದ್ದಿ ಚಟ್ಟನೆ ತೆಗೆದರು. ಮಗುವಿಗೆ ತಾಗುವ ಮೊದಲೇ ಗೊತ್ತಾಯಿತು, ಪುಣ್ಯ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ ತೊಟ್ಟಿಯೊಳಗೆ ದಪ್ಪ ಗಾಜಿನ ಬಟ್ಟಲು ಕೂರಿಸುತ್ತೇನೆ. ಪಕ್ಕದಲ್ಲಿ ಒಂದೂವರೆ ಲೀಟರಿನ ಸ್ಟೀಲ್ ಫ್ಲಾಸ್ಕು, ಒಂದು ಜಗ್ಗು ತಣ್ಣೀರು. ಎಲ್ಲರೂ ಹಾಡುತ್ತ ತೊಟ್ಟಿಯ ಕಡೆ ನಡೆದು ಬರುವಾಗ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸುತ್ತೇನೆ. ಥರ್ಮಾಮೀಟರ್ 36, 37 ತೋರಿಸಬೇಕು. ಆದರೂ ಕೊನೆಗೆ ತೋಳು ಮಡಚಿ ಮೊಣಕೈ ಅದ್ದುತ್ತೇನೆ. ಹತ್ತರಲ್ಲಿ ಏಳು ಮಕ್ಕಳು ಅಳುವುದಿಲ್ಲ. ಉಳಿದ ಮೂರು ವಿಕರ್ ಗಡ್ಡ ನೋಡಿ ಅಳುತ್ತವೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

1662ರ ಪ್ರಾರ್ಥನೆ ಪುಸ್ತಕದ ಪ್ರಕಾರ ಮಗು ತಡೆದುಕೊಳ್ಳುತ್ತದೆ ಅಂದರೆ ನೀರಿನಲ್ಲಿ ಅದ್ದಬೇಕು, ನಿಶ್ಶಕ್ತವಾಗಿದ್ದರೆ ಮಾತ್ರ ಸುರಿದರೆ ಸಾಕು. ಈಗ ಎಲ್ಲರಿಗೂ ಸುರಿಯುವುದೇ. ಇಂಗ್ಲೆಂಡಿನ ಮಕ್ಕಳೆಲ್ಲ ನಿಶ್ಶಕ್ತರು ಅಂತ ಕಾಣುತ್ತದೆ!

ನೀರಿನಿಂದ ಆದದ್ದೇನೆಂದರೆ, ಅಮ್ಮಂದಿರು ನನ್ನ ಜೊತೆ ಮಾತಿಗೆ ನಿಂತರು. ಆರಾಧನೆ ಮುಗಿದ ಮೇಲೆ ಒಬ್ಬಳು ಬಂದು ಆ ಮೊಣಕೈ ವಿಷಯ ಕೇಳಿದಳು. ಅಲ್ಲಿಂದ ನಿದ್ದೆ, ಹಾಲು, ಅತ್ತೆ, ಎಲ್ಲಾ ಬಂತು. ಪ್ರೊಜೆಕ್ಟರ್ ಇಟ್ಟ ಮೂರು ಸಂಜೆಯಲ್ಲಿ ಬಾರದ ಮಾತು ಹತ್ತು ನಿಮಿಷದಲ್ಲಿ ಬಂತು. ಆಗ ತರಗತಿ ನಿಲ್ಲಿಸಿದೆ. ಮನೆಗೇ ಹೋಗತೊಡಗಿದೆ. ಸಂಜೆ ಆರರ ಮೇಲೆ ಹೋಗಬಾರದು, ಅದು ಮಗುವಿನ ಸ್ನಾನದ ಹೊತ್ತು. ಶನಿವಾರ ಹನ್ನೊಂದು ಗಂಟೆ ಸರಿ.

ಒಬ್ಬಳೇ ಹೋಗುವುದಿಲ್ಲ. ಸಭೆಯ ಒಬ್ಬರನ್ನು ಜೊತೆಗೆ ಕರೆದೊಯ್ಯುತ್ತೇನೆ. ಮುಂದೆ ಅವರೇ ಆ ಮನೆಯ 'ಬೆಂಚಿನ ಗೆಳೆಯ'. ದೀಕ್ಷಾಸ್ನಾನದ ದಿನ ಆ ಮನೆಯವರ ಜೊತೆ ಅದೇ ಬೆಂಚಿನಲ್ಲಿ ಕೂರುತ್ತಾರೆ, ಪುಸ್ತಕದ ಪುಟ ತೋರಿಸುತ್ತಾರೆ, ಶೌಚಾಲಯ ಎಲ್ಲಿದೆ ಅಂತ ಹೇಳುತ್ತಾರೆ. ಆಮೇಲೆ ಪ್ರತಿ ವರ್ಷ ಅದೇ ತಾರೀಕಿಗೆ ಒಂದು ಕಾರ್ಡ್ ಹಿಡಿದು ಅವರೇ ಬಾಗಿಲು ಬಡಿಯುತ್ತಾರೆ. ಅಂಚೆಯಲ್ಲಿ ಕಳಿಸುವುದಿಲ್ಲ. ಎರಡನೇ ದರ್ಜೆಯ ಚೀಟಿಯೇ 80 ಪೆನ್ಸ್ ದಾಟಿದೆ, ನಡೆದರೆ ಪುಕ್ಕಟೆ. ಕಾರ್ಡಿಗೆ ನಲವತ್ತು ಪೆನ್ಸ್ ಬೀಳುತ್ತದೆ.

ಯಾವ ಮನೆಗೆ ಯಾರನ್ನು ಜೋಡಿಸಬೇಕು? ಅದು ನನ್ನ ಗುಟ್ಟು, ಹೇಳುವುದಿಲ್ಲ. ವಯಸ್ಸು ನೋಡಿ ಜೋಡಿಸುವುದಿಲ್ಲ ಅಂತ ಮಾತ್ರ ಹೇಳುತ್ತೇನೆ. ಕಾರ್ಡಿನೊಳಗೆ ಏನು ಬರೆಯುತ್ತೇನೆ ಅಂತಲೂ ಕೇಳಬೇಡಿ.

"ಇವೆಲ್ಲ ನಿಮ್ಮ ಇಂಡಿಯಾದಲ್ಲಿ ನಡೆಯುತ್ತೆ, ಇಲ್ಲಿ ಬಾಗಿಲು ಯಾರೂ ತೆಗೆಯಲ್ಲ" ಅಂದರು ಖಜಾಂಚಿ. ಮೊದಲ ವರ್ಷ ಅವರ ಮಾತೇ ನಿಜವಾಗುವ ಹಾಗಿತ್ತು. ನಾನೇ ಒಂದು ಎಡವಟ್ಟು ಮಾಡಿದ್ದೆ. ಹಳೇ ರಿಜಿಸ್ಟರಿನಿಂದ ವಿಳಾಸ ತೆಗೆದು ನಲವತ್ತು ಮನೆಗೆ ಕಾರ್ಡ್ ಹಾಕಿಸಿದೆ. ಒಂದು ಮನೆಯಲ್ಲಿ ಅಪ್ಪ ಅಮ್ಮ ಬೇರೆಯಾಗಿ ವರ್ಷವಾಗಿತ್ತು. ಕಾರ್ಡಿನ ಮೇಲೆ ಇಬ್ಬರ ಹೆಸರೂ ಒಟ್ಟಿಗೆ ಬರೆದಿದ್ದೆ. ಆಕೆ ಫೋನ್ ಮಾಡಿ ಬೈಯಲಿಲ್ಲ, ಅತ್ತಳು. ಅದು ಬೈಗುಳಕ್ಕಿಂತ ಕಷ್ಟ. ಇನ್ನೊಬ್ಬರು ನನ್ನ ವಿಳಾಸ ಬಳಸಲು ನಿಮಗೆ ಯಾರು ಅನುಮತಿ ಕೊಟ್ಟರು ಅಂತ ಪತ್ರ ಬರೆದರು. ಅವರದೂ ಸರಿಯೇ, 2018ರ ಡೇಟಾ ಕಾನೂನು ಹಾಗಿದೆ. ಈಗ ಅರ್ಜಿಯಲ್ಲೇ ಒಂದು ಚೌಕ ಇದೆ, ಒಪ್ಪಿಗೆ ಇದ್ದರೆ ಗುರುತು ಹಾಕಬೇಕು. ಕಾರ್ಡಿನ ಮೇಲೆ ಮಗುವಿನ ಹೆಸರು ಮಾತ್ರ.

ಗಾಡ್‌ಪೇರೆಂಟ್ಸ್ ವಿಷಯದಲ್ಲೂ ಒಂದು ಪ್ರಯೋಗ ಮಾಡಿದೆ. ನಿಯಮದಂತೆ ಸಾಮಾನ್ಯವಾಗಿ ಕನಿಷ್ಠ ಮೂವರು ಬೇಕು, ಅವರಿಗೆ ದೀಕ್ಷಾಸ್ನಾನ ಆಗಿರಲೇಬೇಕು. ಒಬ್ಬ ಅಮ್ಮನ ಜೀವದ ಗೆಳತಿ ಹಿಂದೂ, ಗುಜರಾತಿ ಹುಡುಗಿ. ಆಗುವುದಿಲ್ಲ ಅಂತ ಹೇಳಬೇಕಾಯಿತು, ಇಬ್ಬರ ಮುಖವೂ ಸಪ್ಪಗಾಯಿತು. ವಿಕರ್ ಹತ್ತಿರ ಮಾತಾಡಿ, ಕೊನೆಯಲ್ಲಿ ಮಗುವಿನ ಹೆಸರಲ್ಲಿ ಕೊಡುವ ಮೇಣದಬತ್ತಿ ಹಿಡಿಯುವ ಕೆಲಸ ಆಕೆಗೆ ಕೊಡಿಸಿದೆ. ಆಕೆ ಈಗ ಕ್ರಿಸ್‌ಮಸ್‌ಗೆ ತಪ್ಪದೆ ಬರುತ್ತಾಳೆ, ಡಬ್ಬಿ ತುಂಬ ಢೋಕ್ಲಾ ತರುತ್ತಾಳೆ.

ಕಮಿಟಿಯವರು ನನ್ನ ಕಡೆ ತಿರುಗಿದ್ದು ಮಾತ್ರ ಹರಾಜಿನಿಂದ. ನಮ್ಮ ಕಡೆ ಸುಗ್ಗಿ ಹಬ್ಬದಲ್ಲಿ ಕೋಳಿ, ಕುಂಬಳಕಾಯಿ ಕೂಗುತ್ತೇವಲ್ಲ, ಇಲ್ಲಿ ಸುಗ್ಗಿ ಹಬ್ಬ ಅಂದರೆ ಬೀನ್ಸ್ ಡಬ್ಬಿ ತಂದು ಇಟ್ಟು ಹೋಗುವುದು. ಡಬ್ಬಿಗಳು ಬಡವರಿಗೆ ದಿನಸಿ ಕೊಡುವ ಫುಡ್ ಬ್ಯಾಂಕಿಗೆ ಹೋಗಲಿ, ಜೊತೆಗೆ ಹರಾಜೂ ಇರಲಿ ಅಂದೆ. ಮೊದಲ ವರ್ಷ ಮಾನ ಹೋಯಿತು. ಇಂಗ್ಲಿಷಿನವರು ಬಾಯಿಬಿಟ್ಟು ಕೂಗುವುದಿಲ್ಲ, ಒಬ್ಬರ ಮೇಲೆ ಒಬ್ಬರು ಏರಿಸುವುದು ಅವರಿಗೆ ನಾಚಿಕೆ. ನಲವತ್ತಾರು ಪೌಂಡ್ ಬಂತು, ಅದರಲ್ಲಿ ಇಪ್ಪತ್ತು ನನ್ನ ಗಂಡನದೇ. ಎರಡನೇ ವರ್ಷ ಆ ವರ್ಷ ದೀಕ್ಷಾಸ್ನಾನವಾದ ಮಕ್ಕಳ ಅಪ್ಪಂದಿರನ್ನು ಕೂಗುವುದಕ್ಕೆ ನಿಲ್ಲಿಸಿದೆ. ಫುಟ್‌ಬಾಲ್ ನೋಡಿ ಗಂಟಲು ಪಳಗಿಸಿಕೊಂಡವರು. ಒಂದು ಮ್ಯಾರೋ ಕಾಯಿ, ನಮ್ಮ ಸೌತೆಗೆ ದೊಡ್ಡಣ್ಣನ ಹಾಗಿರುತ್ತದೆ, ಮೂವತ್ತೈದು ಪೌಂಡಿಗೆ ಹೋಯಿತು. ಒಟ್ಟು ನಾನೂರು ಚಿಲ್ಲರೆ.

ಈಗ ಮೂರು ವರ್ಷ ಆಯಿತು. ನಲವತ್ತೈದು ಮನೆಗಳಲ್ಲಿ ಹನ್ನೆರಡೋ ಹದಿಮೂರೋ ಮನೆಯವರು ತಿಂಗಳಿಗೊಮ್ಮೆಯಾದರೂ ಬರುತ್ತಾರೆ. ಮುಂಚೆ ಇಡೀ ವರ್ಷಕ್ಕೆ ಒಂದು ಮನೆ ಬಂದರೆ ಹೆಚ್ಚು. ಸಂಡೇ ಸ್ಕೂಲಿನಲ್ಲಿ ಮೂರು ಮಕ್ಕಳಿದ್ದದ್ದು ಇಪ್ಪತ್ತರ ಹತ್ತಿರ ಬಂದಿದೆ. ಏಳೆಂಟು ಮನೆಯವರು ಗಿಫ್ಟ್ ಏಡ್ ಫಾರ್ಮ್ ತುಂಬಿದ್ದಾರೆ, ಅವರು ಹಾಕುವ ಒಂದೊಂದು ಪೌಂಡಿಗೂ ಅವರು ಕಟ್ಟಿದ ತೆರಿಗೆಯಿಂದ ಸರಕಾರ ಚರ್ಚಿಗೆ 25 ಪೆನ್ಸ್ ಕೊಡುತ್ತದೆ. ಖಜಾಂಚಿ ಮೀಟಿಂಗಿನಲ್ಲಿ ಈಗ ಬಾಯ್ಲರ್ ಲೆಕ್ಕ ಓದುವಾಗ ನನ್ನ ಮುಖ ನೋಡುವುದಿಲ್ಲ. ಎಪ್ಪತ್ತೆಂಟರ ಆ ಮನುಷ್ಯನಿಗೆ ನಾನು ಅವಳಿ ಮಕ್ಕಳ ಮನೆ ಜೋಡಿಸಿದ್ದೇನೆ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಬೈದುಕೊಂಡೇ ಹತ್ತುತ್ತಾರೆ, ಒಂದು ಗಂಟೆ ಕಳೆದು ಇಳಿಯುತ್ತಾರೆ.

ಫೆಬ್ರವರಿಗೆ ಹನ್ನೊಂದು ಕಾರ್ಡ್ ಬರೆಯಬೇಕು. ಫ್ಲಾಸ್ಕಿನ ಮುಚ್ಚಳದ ವಾಷರ್ ಹೋಗಿದೆ, ಅದನ್ನೂ ತರಬೇಕು.