ಸರ್ವೆಯರ್ ಕರೆಸುವ ಮುಂಚೆ ಟಿಪ್ಪಣಿ ತೆಗೆಸಿ

ಬದುವಿನ ತಕರಾರು ಶುರುವಾದ ಕೂಡಲೇ ಜನ ಯಾರಾದರೊಬ್ಬ ಸರ್ವೆಯರ್‌ಗೆ ಫೋನ್ ಮಾಡುತ್ತಾರೆ. ಅವರು ಬಂದು, ಈಗಿರುವ ಬೇಲಿಯ ಉದ್ದಕ್ಕೂ ಮಷಿನ್ ಹಿಡಿದು ನಡೆದು, ‘ಎರಡು ಎಕರೆ ಮೂರು ಗುಂಟೆ ಇದೆ’ ಎಂದು ಹೇಳಿ ದುಡ್ಡು ತಗೊಂಡು ಹೋಗುತ್ತಾರೆ. ಬೇಲಿ ಸರಿಯಾದ ಜಾಗದಲ್ಲಿದೆಯೇ ಎಂಬುದು ತಾನೇ ಪ್ರಶ್ನೆ? ಅದು ಹಾಗೇ ಉಳಿಯುತ್ತದೆ. ಕೃಷಿ ಜಮೀನಿನ ಗಡಿ ಗುರುತಿಸಲು ಸರ್ವೆಯರ್ ಹುಡುಕುತ್ತಿದ್ದರೆ ಈ ಕ್ರಮದಲ್ಲಿ ಹೋಗಿ.

1. ಯಾವ ಕೆಲಸ ಎಂದು ಹೆಸರು ಹಿಡಿದು ಕೇಳಿ

ದಾಖಲೆಯಲ್ಲಿರುವ ಗಡಿಯನ್ನು ನೆಲದ ಮೇಲೆ ತೋರಿಸುವ ಕೆಲಸಕ್ಕೆ ಹದ್ದುಬಸ್ತು ಎನ್ನುತ್ತಾರೆ. ಜಂಟಿ ಪಹಣಿ ಬೇರೆ ಮಾಡಿಸುವುದಕ್ಕೆ ಪೋಡಿ, ಜಮೀನಿನ ಒಂದು ಭಾಗ ಮಾತ್ರ ಮಾರುವುದಕ್ಕೆ 11ಇ ನಕ್ಷೆ. ‘ಸುಮ್ನೆ ಅಳತೆ ಮಾಡಿಕೊಡಿ’ ಎಂದರೆ ಸುಮ್ನೆ ಅಳತೆಯೇ ಆಗುತ್ತದೆ.

2. ಕಾಗದ ಮೊದಲು, ಮನುಷ್ಯ ಆಮೇಲೆ

ಪಹಣಿ ಹಿಡಿದುಕೊಂಡು ಗಡಿ ಹುಡುಕಲು ಹೊರಡುವವರೇ ಜಾಸ್ತಿ. ಪಹಣಿಯಲ್ಲಿ ಎಷ್ಟು ಜಮೀನು ಎಂದಿದೆ, ಅದರ ಆಕಾರ ಇಲ್ಲ. ಆಕಾರ ಇರುವುದು ಟಿಪ್ಪಣಿಯಲ್ಲಿ, ಅಂದರೆ ಸರ್ವೆ ಮಾಡಿದಾಗ ಜಮೀನಿನ ಅಳತೆಗಳನ್ನು ಬರೆದಿಟ್ಟ ರೇಖಾಚಿತ್ರದಲ್ಲಿ. ನಿಮ್ಮ ಸರ್ವೆ ನಂಬರಿನ ಮೂಲ ಟಿಪ್ಪಣಿ, ಅದು ಹಿಸ್ಸಾ (ಭಾಗ) ಆಗಿದ್ದರೆ ಹಿಸ್ಸಾ ಟಿಪ್ಪಣಿ, ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಗ್ರಾಮ ನಕ್ಷೆ ಇಷ್ಟನ್ನೂ ಭೂಮಾಪನ ಇಲಾಖೆಯಿಂದ ದೃಢೀಕೃತ ನಕಲಾಗಿ ತೆಗೆಸಿ. ಪಕ್ಕದವರ ಸರ್ವೆ ನಂಬರಿನ ಟಿಪ್ಪಣಿಯನ್ನೂ ತೆಗೆಸಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಗಡಿ ಇಬ್ಬರದೂ ಅಲ್ವಾ? ಕ್ರಯಪತ್ರದ ಚೆಕ್ಕುಬಂದಿಯೂ (ನಾಲ್ಕು ದಿಕ್ಕಿನ ಗಡಿ ವಿವರ) ಜೊತೆಗಿರಲಿ.

ಆಕಾರಬಂದ್‌ನಲ್ಲಿ ಖರಾಬು, ಅಂದರೆ ಸಾಗುವಳಿಗೆ ಲೆಕ್ಕವಿಲ್ಲದ ಜಾಗ, ಎಷ್ಟು ಎಂದು ನೋಡಿ. ಅದರಲ್ಲಿ ಬ ಖರಾಬು ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ಅದನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡು ‘ಆರು ಗುಂಟೆ ಕಡಿಮೆ ಬಂತು, ಪಕ್ಕದವನು ನುಂಗಿದ’ ಎಂದು ಜಗಳಕ್ಕೆ ನಿಲ್ಲುವವರನ್ನು ಎಷ್ಟೋ ನೋಡಿದ್ದೇನೆ.

3. ಯಾರನ್ನು ಕರೆಸಬೇಕು

ಪಕ್ಕದವರು ಈಗಾಗಲೇ ತಕರಾರು ತೆಗೆದಿದ್ದರೆ ಖಾಸಗಿ ಅಳತೆಗೆ ದುಡ್ಡು ಹಾಕಬೇಡಿ. ಇಲಾಖೆಗೇ ಹದ್ದುಬಸ್ತು ಅರ್ಜಿ ಹಾಕಿ. ಅರ್ಜಿ ಮೋಜಿಣಿ ಎಂಬ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ, ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ. ನೋಟಿಸ್ ಇಲ್ಲದೆ ಆದ ಅಳತೆಯನ್ನು ನಾಳೆ ಯಾರು ಬೇಕಾದರೂ ‘ನನಗೆ ಗೊತ್ತೇ ಇಲ್ಲ’ ಎಂದು ತಳ್ಳಿಹಾಕಬಹುದು. ಕಾಯುವುದು ಬೇಸರ, ನಿಜ. ಆದರೂ ಅದೇ ದಾರಿ.

ಜಗಳ ಇಲ್ಲ, ಜಮೀನು ಕೊಳ್ಳುವ ಮುಂಚೆ ಅಥವಾ ಬೇಲಿ ಹಾಕುವ ಮುಂಚೆ ಖಾತ್ರಿ ಮಾಡಿಕೊಳ್ಳಬೇಕಷ್ಟೇ ಎಂದರೆ ಖಾಸಗಿಯವರು ಸಾಕು. ಆಗಲೂ ಪರವಾನಗಿ ಇರುವ ಭೂಮಾಪಕರನ್ನೇ ಹಿಡಿಯಿರಿ. ಕಟ್ಟಡದ ಸೈಟ್ ಅಳೆಯುವ ಎಂಜಿನಿಯರ್ ಎಷ್ಟೇ ಜಾಣರಿರಲಿ, ಹಳೆಯ ಟಿಪ್ಪಣಿ ಓದುವುದು ಬೇರೆಯೇ ವಿದ್ಯೆ. ಬ್ರೋಕರ್ ಕರೆತರುವ ಸರ್ವೆಯರ್ ಬೇಡವೇ ಬೇಡ.

ಫೋನಿನಲ್ಲೇ ಒಂದು ಪ್ರಶ್ನೆ ಕೇಳಿ: ‘ಯಾವ ಗಡಿ ಕಲ್ಲಿನಿಂದ ಶುರು ಮಾಡ್ತೀರಿ?’ ‘ಟಿಪ್ಪಣಿ ಕಳಿಸಿ, ನೋಡಿ ಹೇಳ್ತೀನಿ’ ಎಂದರೆ ಮಾತು ಮುಂದುವರಿಸಿ. ‘ಕಲ್ಲು ಗಿಲ್ಲು ಯಾಕೆ, ನಮ್ಮ ಹತ್ರ ಜಿಪಿಎಸ್ ಇದೆ’ ಎಂದರೆ ಬೇರೆಯವರನ್ನು ಹುಡುಕಿ. ಟೋಟಲ್ ಸ್ಟೇಷನ್ ಮಷಿನ್ ಆಗಲಿ, ಜಿಪಿಎಸ್ ರೋವರ್ ಆಗಲಿ, ತೋರಿಸಿದ ಬಿಂದುವನ್ನು ಚೆನ್ನಾಗಿ ಅಳೆಯುತ್ತದೆ. ಯಾವ ಬಿಂದು ನಿಮ್ಮ ಗಡಿ ಎಂದು ಅದಕ್ಕೇನು ಗೊತ್ತು?

ಮೊಬೈಲ್ ಆ್ಯಪ್‌ಗಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನೀವು ನಿಂತ ಜಾಗ ಯಾವ ಸರ್ವೆ ನಂಬರ್ ಎಂದು ತಿಳಿಯಲು ಸರ್ಕಾರದ ದಿಶಾಂಕ್ ಆ್ಯಪ್ ಒಳ್ಳೆಯದು. ಆದರೆ ಫೋನಿನ ಜಿಪಿಎಸ್ ಬಯಲಿನಲ್ಲೇ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಮರದ ಕೆಳಗೆ ಇನ್ನೂ ಜಾಸ್ತಿ. ಒಂದು ಗುಂಟೆಯ ಬದಿ ಹತ್ತು ಮೀಟರ್ ಅಷ್ಟೇ. ಆ್ಯಪ್ ನೋಡಿಕೊಂಡು ಕಂಬ ನೆಡಬೇಡಿ.

4. ಅಳತೆಯ ದಿನ

ಎಲ್ಲ ಕೆಡುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ. ಕೊಯ್ಲು ಮುಗಿದ ಮೇಲೆ ದಿನ ಗೊತ್ತು ಮಾಡಿ. ಕಬ್ಬು ನಿಂತಿರುವ ಹೊಲದಲ್ಲಿ ಒಂದು ಕಲ್ಲಿನಿಂದ ಇನ್ನೊಂದು ಕಲ್ಲು ಕಾಣುವುದಿಲ್ಲ. ಹಾರೆ, ಗುದ್ದಲಿ, ಅಗೆಯಲು ಒಬ್ಬ ಆಳು ಇರಲಿ. ಊರಿನಲ್ಲಿ ಹಳೆಯ ಬದು ಬಲ್ಲ ಹಿರಿಯರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ.

ಬಹಳಷ್ಟು ಹಳೆಯ ಟಿಪ್ಪಣಿಗಳಲ್ಲಿ ಅಳತೆ ಅಡಿಯಲ್ಲಿಲ್ಲ, ಸರಪಳಿ ಮತ್ತು ಆಣೆಯಲ್ಲಿದೆ. ಒಂದು ಸರಪಳಿ 33 ಅಡಿ, ಅದರ 16ನೇ ಒಂದು ಭಾಗ ಆಣೆ, ಅಂದರೆ ಎರಡು ಅಡಿ ಮುಕ್ಕಾಲು ಅಂಗುಲ. ಸರಪಳಿ ಉದ್ದ, ಸರಪಳಿ ಅಗಲ ಇದ್ದರೆ ಒಂದು ಗುಂಟೆ, 1,089 ಚದರಡಿ. ನಲವತ್ತು ಗುಂಟೆಗೆ ಎಕರೆ. ಇಷ್ಟು ಗೊತ್ತಿದ್ದರೆ ಸರ್ವೆಯರ್ ಏನು ಮಾಡುತ್ತಿದ್ದಾರೆ ಎಂದು ನಿಮಗೂ ತಿಳಿಯುತ್ತದೆ.

ಮೊದಲು ಟಿಪ್ಪಣಿಯಲ್ಲಿರುವ ಹಳೆಯ ಬಾಂದು ಕಲ್ಲುಗಳನ್ನು (ಗಡಿ ಕಲ್ಲುಗಳನ್ನು) ಹುಡುಕಬೇಕು. ಕೆಲವು ಬದುವಿನ ಮಣ್ಣಿನಡಿ ಹೂತುಹೋಗಿರುತ್ತವೆ. ಹಾರೆಯಲ್ಲಿ ಚುಚ್ಚುತ್ತಾ ಹೋದರೆ ಠಣ್ ಎನ್ನುತ್ತದೆ. ಅಗೆದು ನೋಡಿ: ಕಲ್ಲು ನೆಟ್ಟಗೆ ಆಳದಲ್ಲಿ ಕೂತಿದೆಯೋ, ಅಥವಾ ಯಾರೋ ತಂದು ಮೇಲೆ ಹೂತಿದ್ದಾರೋ? ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟೋ ಕಲ್ಲುಗಳು ನಡೆದಾಡಿವೆ.

ಒಂದು ಕಲ್ಲು ಸಿಕ್ಕ ತಕ್ಷಣ ಅಳತೆ ಶುರು ಮಾಡಲು ಬಿಡಬೇಡಿ. ಎರಡನೆಯದು ಸಿಗಲಿ. ಅವುಗಳ ನಡುವೆ ಟಿಪ್ಪಣಿ 12 ಸರಪಳಿ 8 ಆಣೆ ಎಂದರೆ ನೆಲದ ಮೇಲೆ 412 ಅಡಿ 6 ಅಂಗುಲದ ಹತ್ತಿರ ಬರಬೇಕು. ಬಂದರೆ ಮೂರನೇ ಕಲ್ಲಿನಿಂದ ಮತ್ತೊಮ್ಮೆ ತಾಳೆ ನೋಡಿ, ಆಮೇಲೆ ಸಿಗದ ಮೂಲೆಗಳನ್ನು ಗುರುತಿಸಲಿ. ಇಪ್ಪತ್ತು ಅಡಿ ವ್ಯತ್ಯಾಸ ಬಂತೋ, ಎರಡರಲ್ಲಿ ಒಂದು ಕಲ್ಲು ಸುಳ್ಳು. ನಿಮ್ಮ ಜಮೀನಿನಲ್ಲಿ ಕಲ್ಲೇ ಇಲ್ಲವಾದರೆ ಪಕ್ಕದ ಸರ್ವೆ ನಂಬರಿನ ಕಲ್ಲಿಗೋ, ಊರುಗಳ ಗಡಿ ಸೇರುವ ಮೂಲೆಗೋ ಹೋಗಿ ಅಲ್ಲಿಂದ ಅಳೆದು ತರಬೇಕು. ಪಕ್ಕದ ಟಿಪ್ಪಣಿ ತೆಗೆಸಲು ಹೇಳಿದ್ದು ಇದಕ್ಕೇ. ‘ಇವತ್ತು ಟೈಮಿಲ್ಲ, ಆ ಹುಣಸೇಮರಾನೇ ಹಿಡ್ಕೊಳ್ಳೋಣ’ ಎಂದರೆ ಒಪ್ಪಬೇಡಿ, ಇನ್ನೊಂದು ದಿನ ಕೊಡಿ.

ಗುರುತು ಸಿಕ್ಕ ಕಡೆ ಸರ್ವೆಯರ್ ಇರುವಾಗಲೇ ಕಲ್ಲು ನೆಡಿಸಿ. ಬಣ್ಣ ಅಳಿಸುತ್ತದೆ, ಗೂಟ ಒಲೆಗೆ ಹೋಗುತ್ತದೆ. ಪ್ರತಿ ಕಲ್ಲಿನ ಫೋಟೊ ತೆಗೆಯಿರಿ.

5. ನಕ್ಷೆ ಕೈಗೆ ಬಂದ ಮೇಲೆ ಪೂರ್ತಿ ದುಡ್ಡು

ಖಾಸಗಿಯವರಿಗೆ ಅರ್ಧ ಮೊದಲು, ಅರ್ಧ ನಕ್ಷೆ ಕೊಟ್ಟ ಮೇಲೆ. ನಕ್ಷೆಯಲ್ಲಿ ಎಲ್ಲ ಬದಿಗಳ ಅಳತೆ, ಉತ್ತರ ದಿಕ್ಕು, ಆಧಾರವಾಗಿ ಹಿಡಿದ ಕಲ್ಲುಗಳು, ದಿನಾಂಕ, ಸಹಿ, ಪರವಾನಗಿ ಸಂಖ್ಯೆ ಇರಬೇಕು. ಬರೀ ವಿಸ್ತೀರ್ಣ ಬರೆದ ಚೀಟಿ ತಗೊಳ್ಳಬೇಡಿ.

6. ಪಕ್ಕದವರು ಒಪ್ಪದಿದ್ದರೆ

ಇಲಾಖೆಯ ಅಳತೆಗೆ ಪಕ್ಕದವರು ಸಹಿ ಹಾಕದೇ ಹೋದರೆ ಗಾಬರಿ ಬೇಡ. ನೋಟಿಸ್ ತಲುಪಿದ್ದು, ಸ್ಥಳದಲ್ಲಿದ್ದು ನಿರಾಕರಿಸಿದ್ದು ಎರಡನ್ನೂ ಮಹಜರಿನಲ್ಲಿ (ಸ್ಥಳದಲ್ಲೇ ಬರೆಯುವ ವರದಿಯಲ್ಲಿ) ಬರೆಸಿ, ಹಾಜರಿದ್ದವರ ಸಹಿ ಹಾಕಿಸಿ. ಒತ್ತುವರಿ ಕಂಡುಬಂತೆಂದು ಅದೇ ಸಂಜೆ ಜೆಸಿಬಿ ತರಿಸಬೇಡಿ. ಸರ್ವೆಯರ್ ಗಡಿ ತೋರಿಸಬಲ್ಲರು, ಜಾಗ ಬಿಡಿಸಿಕೊಡುವ ಅಧಿಕಾರ ಅವರಿಗಿಲ್ಲ. ಪಕ್ಕದವರು ಜಾಗ ಬಿಡದಿದ್ದರೆ ಸಿವಿಲ್ ಕೋರ್ಟಿಗೆ ಹೋಗಬೇಕು. ಅಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಡಿ ಸ್ಥಳ ತನಿಖೆಗೆ ಕೋರ್ಟ್ ಕಮಿಷನರ್ ನೇಮಿಸುವಂತೆ ಕೇಳಬಹುದು. ಆಗ ನಿಮ್ಮ ಟಿಪ್ಪಣಿ ನಕಲು, ನಕ್ಷೆ, ಮಹಜರು, ಫೋಟೊ ನಾಲ್ಕನ್ನೂ ಒಂದೇ ಫೈಲಿನಲ್ಲಿಟ್ಟು ವಕೀಲರಿಗೆ ಕೊಡಿ.