ಜೀವವಿಕಾಸದ ಪಾಠ: ಹತ್ತಿ ಹೊಲದಿಂದ ಶುರು ಮಾಡಿ, ಮಂಗನಿಂದ ಅಲ್ಲ

ಹತ್ತನೇ ತರಗತಿಗೆ ವಿಜ್ಞಾನ ಕಲಿಸುವವರು ಮೊದಲು ಕೈಯಲ್ಲಿರುವ ಪುಸ್ತಕ ತೆರೆದು ನೋಡಿ. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂದಿದ್ದ ಅಧ್ಯಾಯ, ಪಠ್ಯ ಕಡಿತದ ನಂತರ ಬರೀ ‘ಅನುವಂಶೀಯತೆ’ ಆಗಿದೆ. ಡಾರ್ವಿನ್, ಪಳೆಯುಳಿಕೆ, ಮಾನವ ವಿಕಾಸ ಎಲ್ಲ ಹೋದವು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿ ಇದನ್ನು ವಿರೋಧಿಸಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಅಧ್ಯಾಯ ಉಳಿದಿದೆ, ನಿಜ. ಆದರೆ ಅಲ್ಲಿಗೆ ತಲುಪುವವರು ಜೀವಶಾಸ್ತ್ರ ಆರಿಸಿಕೊಂಡವರು ಮಾತ್ರ. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐಗೋ ಕಾಮರ್ಸ್‌ಗೋ ಹೊಲಕ್ಕೋ ಹೋಗುವ ಮಗು ಈ ಮಾತು ಕೇಳುವುದಾದರೆ ಹತ್ತನೇ ತರಗತಿಯಲ್ಲೇ ಕೇಳಬೇಕು. ನಿಮ್ಮ ಮುದ್ರಣದಲ್ಲಿ ಆ ಭಾಗ ಇರಲಿ, ಇಲ್ಲದಿರಲಿ, ಮೆಂಡೆಲ್‌ನ ಬಟಾಣಿ ಗಿಡದ ಪ್ರಯೋಗಗಳ ಪಾಠ ಮುಗಿದ ಕೂಡಲೇ ಮೂರು ಪಿರಿಯಡ್ ಎತ್ತಿಡಿ. ಒಂದೇ ಜಾತಿಯ ಜೀವಿಗಳಲ್ಲಿ ವ್ಯತ್ಯಾಸ ಇರುತ್ತದೆ, ಅದು ಮರಿಗಳಿಗೆ ದಾಟುತ್ತದೆ ಎಂಬುದು ಆಗ ಮಕ್ಕಳ ತಲೆಯಲ್ಲಿ ಹಸಿಯಾಗಿರುತ್ತದೆ. ಜೀವವಿಕಾಸಕ್ಕೆ ಅಡಿಪಾಯ ಅದೇ.

ಮಂಗ ಬಗ್ಗಿ ನಡೆದು ಕೊನೆಗೆ ನೆಟ್ಟಗೆ ನಿಂತ ಮನುಷ್ಯನಾಗುವ ಚಿತ್ರವನ್ನು ಮೊದಲ ದಿನ ಗೋಡೆಗೆ ಹಾಕಬೇಡಿ. ಪಾಠ ಕೆಡುವುದು ಬಹುಪಾಲು ಅಲ್ಲೇ. ಒಂದು, ಆ ಚಿತ್ರವೇ ತಪ್ಪು: ವಿಕಾಸ ಒಂದೇ ಸಾಲಿನಲ್ಲಿ ಏರುವುದಿಲ್ಲ, ಕವಲೊಡೆಯುತ್ತದೆ. ಎರಡು, ಮನುಷ್ಯನ ಮಾತು ಬಂದ ಕ್ಷಣ ಮಕ್ಕಳು ಮನೆಯ ದೇವರ ಪರ ನಿಲ್ಲಬೇಕೋ ಸರ್ ಪರ ನಿಲ್ಲಬೇಕೋ ಎಂಬ ಇಕ್ಕಟ್ಟಿಗೆ ಬೀಳುತ್ತಾರೆ. ಕಾರ್ಯವಿಧಾನ ಮೊದಲು, ಮನುಷ್ಯ ಕೊನೆಗೆ.

ಮೊದಲ ಪಿರಿಯಡ್: ಗುಲಾಬಿ ಕಾಯಿಕೊರಕ

ಯಾದಗಿರಿ, ಕಲಬುರಗಿ ಕಡೆಯ ಮಕ್ಕಳಿಗೆ ಹತ್ತಿಯ ಗುಲಾಬಿ ಹುಳು ಹೊಸದಲ್ಲ. ಬಿಟಿ ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ಒಂದು ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿ, ಹುಳುವಿಗೆ ವಿಷವಾಗುವಂತೆ ಮಾಡಿದ ಗಿಡ ಅದು. ಅದನ್ನು ತಿಂದ ಹುಳು ಸಾಯಬೇಕು. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಅದನ್ನು ತಿಂದೂ ಬದುಕುತ್ತಿರುವ ವರದಿ ಬಂತು. ಎರಡು ವಂಶವಾಹಿ ಸೇರಿಸಿ 2006ರಲ್ಲಿ ತಂದ ಮುಂದಿನ ಬೀಜವನ್ನೂ ಹುಳು ಕೆಲವೇ ವರ್ಷಗಳಲ್ಲಿ ಮೀರಿತು.

ಏಕೆ ಎಂದು ಮಕ್ಕಳನ್ನೇ ಕೇಳಿ. ‘ಹುಳ ರೂಢಿ ಮಾಡ್ಕೊಂತ್ರೀ ಸರ’ ಎಂಬ ಉತ್ತರ ಖಂಡಿತ ಬರುತ್ತದೆ. ಈ ಪಿರಿಯಡ್ಡಿನ ಕೆಲಸವೆಲ್ಲ ಆ ಉತ್ತರವನ್ನು ತಿದ್ದುವುದೇ. ಯಾವ ಹುಳುವೂ ರೂಢಿ ಮಾಡಿಕೊಳ್ಳಲಿಲ್ಲ. ಲಕ್ಷಾಂತರ ಹುಳುಗಳಲ್ಲಿ ಎಲ್ಲೋ ಕೆಲವಕ್ಕೆ, ಬಿಟಿ ಬರುವ ಮೊದಲೇ ಅಥವಾ ಆಕಸ್ಮಿಕವಾಗಿ, ಆ ವಿಷ ಹಿಡಿಯದಂಥ ವಂಶವಾಹಿ ಬದಲಾವಣೆ ಇತ್ತು. ಉಳಿದವು ಸತ್ತವು. ಬದುಕಿದವು ತಮ್ಮತಮ್ಮಲ್ಲೇ ಕೂಡಿದವು, ಮುಂದಿನ ಪೀಳಿಗೆ ಅವುಗಳದ್ದೇ ಆಯಿತು. ನೈಸರ್ಗಿಕ ಆಯ್ಕೆ ಎನ್ನುವುದು ಇದಕ್ಕೇ. ಬದಲಾದದ್ದು ಹುಳು ಅಲ್ಲ, ಹುಳುಗಳ ಗುಂಪು. ಈ ಒಂದು ಮಾತನ್ನು ಬೋರ್ಡಿನ ಮೇಲೆ ಬರೆದು ಮೂರೂ ದಿನ ಅಳಿಸದೆ ಬಿಡಿ.

ಆಮೇಲೆ ಬೀಜದ ಪೊಟ್ಟಣದ ಮಾತು ತೆಗೆಯಿರಿ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜ ಕೊಡುತ್ತಿದ್ದರು. ಹೊಲದ ಸುತ್ತ ಐದು ಸಾಲು, ಇಲ್ಲವೇ ಹೊಲದ ನೂರಕ್ಕೆ 20 ಭಾಗ, ಯಾವುದು ಹೆಚ್ಚೋ ಅಷ್ಟು ಅದನ್ನು ಬಿತ್ತಬೇಕಿತ್ತು. ಅಲ್ಲಿ ಬದುಕುವ ಸಾಮಾನ್ಯ ಹುಳುಗಳು ನಿರೋಧಕ ಹುಳುಗಳ ಜೊತೆ ಕೂಡಿದರೆ ಮರಿಗಳಿಗೆ ಮತ್ತೆ ವಿಷ ಹಿಡಿಯುತ್ತದೆ ಎಂಬುದು ಲೆಕ್ಕ. ಬಹಳ ಕಡೆ ಆ ಸಣ್ಣ ಪೊಟ್ಟಣ ಬಿತ್ತಲೇ ಇಲ್ಲ. ಜೀವವಿಕಾಸ ಗೊತ್ತಿದ್ದ ರೈತನಿಗೆ ಆ 120 ಗ್ರಾಂ ಯಾಕೆಂದು ಗೊತ್ತಿರುತ್ತದೆ. ಪಠ್ಯದಿಂದ ಈ ವಿಷಯ ತೆಗೆದದ್ದು ನಮ್ಮ ಭಾಗಕ್ಕೆ ಯಾಕೆ ದುಬಾರಿ ಎಂಬುದೂ ಇಲ್ಲೇ ತಿಳಿಯುತ್ತದೆ.

ಎರಡನೇ ಪಿರಿಯಡ್: ಜೋಳದ ಆಟ

ಬೇಕಾದದ್ದು: ಬಿಳಿಜೋಳದ 250 ಕಾಳು, ಕಪ್ಪು ಇಂಕು, ನಾಲ್ಕು ಲೋಟ, ಒಂದು ಬಿಳಿ ಧೋತರ. 150 ಕಾಳಿಗೆ ಹಿಂದಿನ ದಿನವೇ ಇಂಕು ಹಚ್ಚಿ ರಾತ್ರಿಯಿಡೀ ಒಣಗಿಸಿ. ಹಸಿ ಇದ್ದರೆ ಮಣ್ಣು ಅಂಟಿ ಎಲ್ಲ ಒಂದೇ ಬಣ್ಣವಾಗುತ್ತವೆ. ಉದ್ದು ಮತ್ತು ಜೋಳ ಬೆರೆಸಿ ಕೆಲಸ ಸುಲಭ ಮಾಡಿಕೊಳ್ಳಬೇಡಿ. ಗಾತ್ರ ಬೇರೆಯಾದರೆ ಮಕ್ಕಳು ಹೆಕ್ಕುವುದು ಬಣ್ಣ ನೋಡಿಯೋ ಕೈಗೆ ಸಿಕ್ಕಿದ್ದಕ್ಕೋ ಹೇಳಲಾಗದು.

ಎರೆಮಣ್ಣಿನ ಮೇಲೆ ಒಂದು ಮೀಟರ್ ಚೌಕ ಗುರುತು ಮಾಡಿ, 40 ಕಪ್ಪು, 40 ಬಿಳಿ ಕಾಳು ಹರಡಿ. ನಾಲ್ವರು ಮಕ್ಕಳು ಹಕ್ಕಿಗಳು. ಒಬ್ಬೊಬ್ಬರು 10 ಕಾಳು ಹೆಕ್ಕಬೇಕು, ಒಂದು ಸಲಕ್ಕೆ ಒಂದೇ. ಹೆಕ್ಕಿದ ಪ್ರತಿ ಸಲ ಹಿಂದಿರುಗಿ ಲೋಟಕ್ಕೆ ಹಾಕಿ ಬರಬೇಕು. ಹೀಗೆ ಮಾಡದಿದ್ದರೆ ಮುಷ್ಟಿಗಟ್ಟಲೆ ಬಾಚುತ್ತಾರೆ, ಆಗ ಆಯ್ಕೆ ನಡೆಯುವುದಿಲ್ಲ. 40 ಹೆಕ್ಕಿದ ಮೇಲೆ ಉಳಿದವನ್ನು ಮಣ್ಣಿನಲ್ಲಿ ಹುಡುಕಬೇಡಿ, ಬಿರುಕಿನಲ್ಲಿ ಸೇರಿಕೊಂಡಿರುತ್ತವೆ. ಲೋಟದಲ್ಲಿರುವುದನ್ನು ಎಣಿಸಿ ಕಳೆಯಿರಿ. ಹಕ್ಕಿಗಳು 26 ಬಿಳಿ, 14 ಕಪ್ಪು ತಿಂದಿದ್ದರೆ ಉಳಿದದ್ದು 14 ಬಿಳಿ, 26 ಕಪ್ಪು. ಉಳಿದ ಪ್ರತಿ ಕಾಳಿಗೂ ಅದೇ ಬಣ್ಣದ ಒಂದು ಮರಿ ಹಾಕಿ: 28 ಬಿಳಿ, 52 ಕಪ್ಪು. ಇನ್ನೆರಡು ಸುತ್ತು ಆಡಿ, ಪ್ರತಿ ಸಲ ಹಕ್ಕಿಗಳನ್ನು ಬದಲಿಸಿ. ಹಳಬರಿಗೆ ಕಾಳು ಬಿದ್ದ ಜಾಗ ನೆನಪಿರುತ್ತದೆ.

ಬಳಿಕ ಅದೇ ಆಟವನ್ನು ಧೋತರದ ಮೇಲೆ ಮತ್ತೆ 40-40 ಇಟ್ಟು ಆಡಿ. ಫಲ ತಿರುಗುಮುರುಗಾಗುತ್ತದೆ. ಈ ಎರಡನೇ ಆಟ ಬಿಟ್ಟರೆ ‘ಕಪ್ಪು ಗಟ್ಟಿ, ಬಿಳಿ ಬಡಕಲು’ ಎಂದು ಮಕ್ಕಳು ತಿಳಿಯುತ್ತಾರೆ. ನೆಲ ಯಾವುದೋ ಅದಕ್ಕೆ ಹೊಂದಿದ್ದು ಉಳಿಯುತ್ತದೆ, ಅಷ್ಟೇ. ಯಾವುದಾದರೂ ಕಾಳು ಬಣ್ಣ ಬದಲಿಸಿತೇ ಎಂದು ಕೊನೆಗೆ ಕೇಳಿ, ಬೋರ್ಡಿನ ಮಾತು ತೋರಿಸಿ.

ಮೂರನೇ ಪಿರಿಯಡ್: 46 ಮೀಟರ್ ಹಗ್ಗ

ಭೂಮಿಯ ವಯಸ್ಸು ಸುಮಾರು 460 ಕೋಟಿ ವರ್ಷ. 46 ಮೀಟರ್ ಹಗ್ಗ ಮೈದಾನದಲ್ಲಿ ಎಳೆದರೆ ಒಂದು ಮೀಟರಿಗೆ 10 ಕೋಟಿ, ಒಂದು ಸೆಂಟಿಮೀಟರಿಗೆ 10 ಲಕ್ಷ, ಒಂದು ಮಿಲಿಮೀಟರಿಗೆ 1 ಲಕ್ಷ ವರ್ಷ. ಇವತ್ತಿನ ತುದಿಯಿಂದ ಅಳೆಯಿರಿ. ನೆಲದ ಮೇಲೆ ಗಿಡ ಬಂದದ್ದು ಸುಮಾರು 4.7 ಮೀಟರ್ ಹಿಂದೆ. ಶಾಲೆಗೆ ಹಾಸಿರುವ ಶಹಾಬಾದ್ ಕಲ್ಲು ಅದಕ್ಕಿಂತಲೂ ಹಳೆಯದು. ಸುಣ್ಣಕಲ್ಲಿನ ಸೀಳಿನಲ್ಲಿ ಜರೀಗಿಡದ ಹಾಗೆ ಕಪ್ಪು ಗುರುತು ಕಂಡರೆ ಮಕ್ಕಳು ಪಳೆಯುಳಿಕೆ ಎಂದು ತರುತ್ತಾರೆ. ಅದು ಮ್ಯಾಂಗನೀಸ್, ಕಬ್ಬಿಣದ ಖನಿಜ ನೀರಿನೊಡನೆ ಇಳಿದು ಮೂಡಿದ ವಿನ್ಯಾಸ. ನಮ್ಮ ಎರೆಭೂಮಿಗೆ ಹುಟ್ಟು ಕೊಟ್ಟ, ಬೀದರ್‌ನ ಕೆಂಪು ಜಂಬಿಟ್ಟಿಗೆಯ ಅಡಿಯಲ್ಲೂ ಇರುವ ಕಪ್ಪುಕಲ್ಲಿನ ಲಾವಾ ಹರಿದದ್ದು 66 ಸೆಂಟಿಮೀಟರ್ ಹಿಂದೆ, ಡೈನೋಸಾರ್‌ಗಳು ಅಳಿದ ಹೊತ್ತಿನಲ್ಲಿ.

ಇನ್ನು ಮನುಷ್ಯ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದಾಗ, ಸುಣ್ಣಕಲ್ಲಿನ ಚಪ್ಪಡಿಗಳಿಂದ ಕೈಗೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಅಲ್ಲಿನ ಪ್ರಾಣಿ ಹಲ್ಲುಗಳ ಪರೀಕ್ಷೆಯಿಂದ ಅಂದಾಜಾದ ವಯಸ್ಸು ಸುಮಾರು 12 ಲಕ್ಷ ವರ್ಷ, ಹಗ್ಗದಲ್ಲಿ 12 ಮಿಲಿಮೀಟರ್. ನಮ್ಮ ಜಾತಿಯ ಮನುಷ್ಯರ ಅತಿ ಹಳೆಯ ಪಳೆಯುಳಿಕೆ ಆಫ್ರಿಕಾದ ಸುಮಾರು 3 ಲಕ್ಷ ವರ್ಷದ್ದು, 3 ಮಿಲಿಮೀಟರ್. ಹಾಗಾದರೆ ಹುಣಸಗಿಯಲ್ಲಿ ಆ ಕಲ್ಲು ಕೆತ್ತಿದವರು ಯಾರು? ಈ ಪ್ರಶ್ನೆ ಹಾಕಿ ಸುಮ್ಮನಿರಿ, ಮಕ್ಕಳೇ ಮಾತಾಡಲಿ. ಅಲ್ಲಿಗೆ ಕರೆದೊಯ್ದರೆ ಕಲ್ಲು ಆರಿಸಿ ತರಲು ಬಿಡಬೇಡಿ. ಜಾಗದಿಂದ ಎತ್ತಿದ ಕಲ್ಲು ಸಾಕ್ಷ್ಯವಾಗಿ ಉಳಿಯುವುದಿಲ್ಲ.

‘ಮತ್ತ ಮಂಗ್ಯಾ ಈಗ್ಯಾಕ ಮನಷ್ಯಾ ಆಗವಲ್ದ್ರೀ ಸರ?’ ಎಂದು ಕೇಳಿದರೆ: ನಿನ್ನ ಕಾಕಾನ ಮಗ ನಿನ್ನ ಮುತ್ಯಾ ಅಲ್ಲ, ಇಬ್ಬರಿಗೂ ಮುತ್ಯಾ ಒಬ್ಬನೇ. ಚಿಂಪಾಂಜಿಗೂ ನಮಗೂ ಒಂದೇ ಆದ ಪೂರ್ವಜ ಹಗ್ಗದಲ್ಲಿ ಆರೇಳು ಸೆಂಟಿಮೀಟರ್ ಹಿಂದೆ. ಊರ ಗುಡಿಯ ಮೇಲೆ ಕೂರುವ ಮಂಗಕ್ಕೂ ನಮಗೂ ಇನ್ನೂ ದೂರ, 25ರಿಂದ 30 ಸೆಂಟಿಮೀಟರ್.

ದೇವರ ಪ್ರಶ್ನೆ ಬಂದಾಗ

ಒಂದೇ ಕೋಣೆಯಲ್ಲಿ ಶರಣಬಸವೇಶ್ವರ ಜಾತ್ರೆಗೆ ಹೋಗುವವರು, ಬಂದೇನವಾಜ್ ಉರುಸಿಗೆ ಹೋಗುವವರು, ಚರ್ಚಿಗೆ ಹೋಗುವವರು ಕೂತಿರುತ್ತಾರೆ. ದೇವರಿದ್ದಾನೋ ಇಲ್ಲವೋ ಎಂಬ ತೀರ್ಪನ್ನು ವಿಜ್ಞಾನದ ಪಿರಿಯಡ್ಡಿನಲ್ಲಿ ಯಾರೂ ಕೊಡಬೇಕಿಲ್ಲ. ‘ಜೀವವಿಕಾಸವೋ ಸೃಷ್ಟಿಯೋ’ ಎಂದು ಚರ್ಚಾ ಸ್ಪರ್ಧೆಯನ್ನೂ ಇಡಬೇಡಿ. ಚಪ್ಪಾಳೆ ಎಣಿಸಿ ವಿಜ್ಞಾನ ತೀರ್ಮಾನವಾಗದು. ದಶಾವತಾರವೇ ವಿಕಾಸ, ಮತ್ಸ್ಯ ಕೂರ್ಮ ನೋಡಿ ಎಂದು ಹೇಳಿ ಪಾಠ ಸುಲಭ ಮಾಡುವುದೂ ಬೇಡ. ಅದು ಪುರಾಣಕ್ಕೂ ನ್ಯಾಯವಲ್ಲ, ವ್ಯತ್ಯಾಸ ಮತ್ತು ಆಯ್ಕೆ ಹೇಗೆ ನಡೆಯುತ್ತದೆಂದೂ ಅದು ತಿಳಿಸುವುದಿಲ್ಲ.

ವಾದ ನಡೆಯಬೇಕಾದದ್ದು ಸಮಾಜ ವಿಜ್ಞಾನದ ಪಿರಿಯಡ್ಡಿನಲ್ಲಿ, ‘ಶಾಲೆಯಲ್ಲಿ ಏನು ಕಲಿಸಬೇಕೆಂದು ಯಾರು ನಿರ್ಧರಿಸಬೇಕು’ ಎಂಬ ವಿಷಯವಾಗಿ. ಅಮೆರಿಕದ ಟೆನೆಸಿಯಲ್ಲಿ 1925ರಲ್ಲಿ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕನಿಗೆ ಇದೇ ಪಾಠಕ್ಕಾಗಿ 100 ಡಾಲರ್ ದಂಡ ಬಿತ್ತು. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ವಿಕಾಸದ ಜೊತೆ ಸೃಷ್ಟಿವಾದವನ್ನೂ ಕಲಿಸಲೇಬೇಕೆಂಬ ಲೂಸಿಯಾನ ಕಾನೂನನ್ನು ರದ್ದು ಮಾಡಿತು. ನಮ್ಮಲ್ಲಿ 2018ರಲ್ಲಿ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲ, ಡಾರ್ವಿನ್ ತಪ್ಪು ಎಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ಕೊಟ್ಟು ಅಲ್ಲಗಳೆದವು. ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರಿ ಹಣದ ಶಾಲೆಯಲ್ಲಿ ಧಾರ್ಮಿಕ ಬೋಧನೆ ಬೇಡವೆನ್ನುತ್ತದೆ. 51ಎ(ಎಚ್) ವೈಜ್ಞಾನಿಕ ಮನೋಭಾವ ಬೆಳೆಸುವುದು ನಾಗರಿಕರ ಕರ್ತವ್ಯವೆನ್ನುತ್ತದೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪೋಷಕರು ‘ನಮ್ಮ ಧರ್ಮದ ವಿರುದ್ಧ ಕಲಿಸ್ಲಿಕತ್ತೀರಂತಲ್ರೀ’ ಎಂದರೆ ವಾದಕ್ಕಿಳಿಯದೆ ಮಗುವಿನ ನೋಟ್‌ಬುಕ್ ತೆರೆದು ತೋರಿಸಿ: ಹುಳು, ಜೋಳ, ಹಗ್ಗ. ಬಹುತೇಕ ಹಿರಿಯರು ಗುಲಾಬಿ ಹುಳುವಿನ ಪುಟಕ್ಕೆ ಬಂದಾಗ ತಮ್ಮ ಹೊಲದ ಮಾತು ತೆಗೆಯುತ್ತಾರೆ, ಅದನ್ನು ಕೇಳಿಸಿಕೊಳ್ಳಿ. ಕಿರುಪರೀಕ್ಷೆಯ ಪ್ರಶ್ನೆಯಲ್ಲೂ ಇದೇ ಎಚ್ಚರ ಇರಲಿ. ‘ಜೀವವಿಕಾಸವನ್ನು ನೀನು ನಂಬುತ್ತೀಯಾ?’ ಎಂದು ಕೇಳಬೇಡಿ. ‘ಬಿಟಿ ಹತ್ತಿಯನ್ನು ಹುಳುಗಳು ಮೀರಿದ ಬಗೆಯನ್ನು ನೈಸರ್ಗಿಕ ಆಯ್ಕೆಯ ಮೂಲಕ ವಿವರಿಸು’ ಎಂದು ಕೇಳಿ, ನಾಲ್ಕು ಅಂಕ ಕೊಡಿ: ವ್ಯತ್ಯಾಸಕ್ಕೆ ಒಂದು, ಅದು ಮರಿಗಳಿಗೆ ದಾಟುವುದಕ್ಕೆ ಒಂದು, ಸಾವು-ಬದುಕಿನ ಆಯ್ಕೆಗೆ ಒಂದು, ಗುಂಪು ಬದಲಾಯಿತು ಎಂದದ್ದಕ್ಕೆ ಒಂದು.